ಕಾಫಿಗೆ ಮಾತ್ರೆ ಹಾಕಿದ ಎಂಟು ತಿಂಗಳು

ನನ್ನ ಲೆಕ್ಕ ಸರಳವಾಗಿತ್ತು. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದ್ರೂ 50 ಗ್ರಾಂ. ಗ್ರಾಮಿಗೆ 4 ಕ್ಯಾಲೊರಿಯಂತೆ 200. ಇಷ್ಟು ಉಳಿಸಿದರೆ ನನ್ನ 84 ಕೆಜಿ ತಾನಾಗಿಯೇ ಇಳಿಯುತ್ತದೆ ಅಂದುಕೊಂಡೆ.

ಮೊದಲು ಬೆಲ್ಲಕ್ಕೆ ಹೋದೆ. ಅದು ಸುಮ್ನೆ ಮನಸ್ಸಿನ ಸಮಾಧಾನ. ಬೆಲ್ಲದ ಕ್ಯಾಲೊರಿಯೂ ಹೆಚ್ಚುಕಮ್ಮಿ ಸಕ್ಕರೆಯಷ್ಟೇ. ಆಮೇಲೆ ಸುಕ್ರಲೋಸ್ ಅನ್ನೋ ಕೃತಕ ಸಿಹಿಕಾರಕದ ಮಾತ್ರೆಯ ಡಬ್ಬಿ ತಂದೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಹಾಗಾಗಿ ಪುಟ್ಟ ಮಾತ್ರೆಯೇ ಸಾಕು.

ಎರಡು ತಿಂಗಳಲ್ಲಿ ಇಳಿದಿದ್ದು ಅರ್ಧ ಕೆಜಿ!

ತಿಂದದ್ದನ್ನೆಲ್ಲ ಒಂದು ವಾರ ಬರೆದಿಟ್ಟೆ. ಕಳ್ಳ ಸಿಕ್ಕಿಬಿದ್ದ. ಕಾಫಿಗೆ ಸಕ್ಕರೆ ಹಾಕಿಲ್ವಲ್ಲ ಅನ್ನೋ ಧೈರ್ಯದಲ್ಲಿ ಸಂಜೆ ನಾಲ್ಕು ಬಿಸ್ಕತ್ತು ಹೋಗುತ್ತಿತ್ತು, ಭಾನುವಾರ ಎರಡು ತುಂಡು ಮೈಸೂರು ಪಾಕ್. ಉಳಿಸಿದ್ದೆಲ್ಲ ಅಲ್ಲೇ ಖರ್ಚು. ಮಾತ್ರೆ ಹಾಕಿ ಕೇಸರಿಬಾತನ್ನೂ ಮಾಡಿದೆ. ರವೆ, ತುಪ್ಪ ಎಲ್ಲಿಗೆ ಹೋಗುತ್ತೆ? ಸಕ್ಕರೆ ಪಾಕದ ಹೊಳಪಿಲ್ಲದೆ ಅದು ಸಿಹಿ ಉಪ್ಪಿಟ್ಟಾಯಿತು. ಸ್ಟೀವಿಯಾ ಅನ್ನೋ ಗಿಡದ ಎಲೆಯ ಸಿಹಿಕಾರಕ ಹಾಕಿದ ಶಾವಿಗೆ ಪಾಯಸ ಕುಡಿದು ಅಮ್ಮ, "ಇದೇನೋ, ಜ್ಯೇಷ್ಠಮಧು ತೇದು ಹಾಕಿದೀಯಾ?" ಅಂದರು. ನಿಜಕ್ಕೂ ಕೊನೆಯಲ್ಲಿ ನಾಲಿಗೆಗೆ ಅದೇ ರುಚಿ ಅಂಟುತ್ತದೆ.

2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂದು ಸಲಹೆ ಕೊಟ್ಟಿತ್ತು. ದೀರ್ಘಕಾಲದಲ್ಲಿ ಕೊಬ್ಬು ಇಳಿಸಲು ಅವು ನೆರವಾಗುವುದಿಲ್ಲ ಅನ್ನುವುದು ಕಾರಣ. ಈಗಾಗಲೇ ಡಯಾಬಿಟಿಸ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅವರು ಡಾಕ್ಟರನ್ನೇ ಕೇಳಬೇಕು.

ಹಾಗಂತ ಡಬ್ಬಿಯನ್ನು ನಾನು ಎಸೆಯಲಿಲ್ಲ. ಲೋಟಕ್ಕೆ ಎರಡು ಮಾತ್ರೆ ಇದ್ದದ್ದು ಒಂದಾಯಿತು, ಮೂರು ವಾರ ಬಿಟ್ಟು ಅರ್ಧ. ಐದು ಲೋಟ ಮೂರಕ್ಕೆ ಇಳಿಯಿತು. ಸಿಹಿಯ ಚಪಲವೇ ಕಮ್ಮಿಯಾದ ಮೇಲೆ ಬಿಸ್ಕತ್ತು ಬಿಡುವುದು ಅಷ್ಟು ಕಷ್ಟ ಅನ್ನಿಸಲಿಲ್ಲ. ಜೊತೆಗೆ ಸಂಜೆ ಮುಕ್ಕಾಲು ಗಂಟೆ ನಡಿಗೆ. ಎಂಟನೇ ತಿಂಗಳಿಗೆ 78 ಕೆಜಿ. ಇದರಲ್ಲಿ ಮಾತ್ರೆಯ ಪಾಲು ಚಿಕ್ಕದು, ನಡಿಗೆಯದ್ದೇ ಜಾಸ್ತಿ ಅನ್ನುತ್ತೇನೆ.

ಈಗ ದರ್ಶಿನಿಯಲ್ಲಿ "ಸಕ್ಕರೆ ಬೇಡ" ಅಂದರೆ ಕಾಫಿ ಹಾಕುವವರು ಮರುಕದಿಂದ ನೋಡುತ್ತಾರೆ. "ಯಾವಾಗಿಂದ ಸಾರ್ ಶುಗರ್ರು?"