ಎನ್‌ಪಿಡಿ ಪರೀಕ್ಷಿಸುವುದು, ಹೇಳುವುದು, ಜೊತೆಗೆ ಕೂರುವುದು: ನನ್ನ ಅನುಭವ

ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ (ಎನ್‌ಪಿಡಿ), ಅಂದರೆ ತಾನೇ ದೊಡ್ಡವನೆಂಬ ಭಾವ ಬೇರೂರಿದ ವ್ಯಕ್ತಿತ್ವದ ಕಾಯಿಲೆ, ತನಗಿದೆ ಎಂದು ಹೇಳಿಕೊಂಡು ಬರುವವರು ಅಪರೂಪ. ನಿದ್ದೆ ಬರುತ್ತಿಲ್ಲ, ಕುಡಿತ ಹೆಚ್ಚಾಗಿದೆ, ಪ್ರಮೋಷನ್ ತಪ್ಪಿತು, ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ ಎಂದು ಬರುತ್ತಾರೆ. ಎನ್‌ಪಿಡಿ ಎಂಬ ಹೆಸರು ಹಿಡಿದು ಬರುವುದು ಮನೆಯವರು. ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿ ಕೆಲಸ ಮಾಡುವವರಿಗೆ ಇದೀಗ ಮಾಮೂಲು: ರೀಲ್ಸ್ ನೋಡಿ, ಹತ್ತು ಲಕ್ಷಣಕ್ಕೆ ಟಿಕ್ ಹಾಕಿ, ‘ಮೇಡಂ, ಇವರು ನಾರ್ಸಿಸ್ಟ್ ಅಂತ ಬರೆದುಕೊಡಿ’ ಎನ್ನುತ್ತಾರೆ. ನನ್ನೆದುರು ಕೂತು ಮಾತಾಡದ ಮನುಷ್ಯನ ಬಗ್ಗೆ ನಾನು ಒಂದು ಸಾಲೂ ಬರೆಯುವುದಿಲ್ಲ. ಫ್ಯಾಮಿಲಿ ಕೋರ್ಟಿಗೆ ಬೇಕು ಎಂದರೆ ಇನ್ನೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಬುದ್ಧಿಸ್ಥಿಮಿತ ಇಲ್ಲದವನಾಗುವುದಿಲ್ಲ. ಅದನ್ನು ತೀರ್ಮಾನಿಸಬೇಕಾದ್ದು ಕೋರ್ಟು.

ಡಿಎಸ್‌ಎಂ ಎಂದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಕೈಪಿಡಿ. ಎನ್‌ಪಿಡಿ ಪ್ರತ್ಯೇಕ ರೋಗನಿರ್ಣಯವಾಗಿ ಪಟ್ಟಿಗೆ ಸೇರಿದ್ದು 1980ರ ಡಿಎಸ್‌ಎಂ-3ರಲ್ಲಿ. ಈಗಿನ ಡಿಎಸ್‌ಎಂನಲ್ಲಿ ಒಂಬತ್ತು ಲಕ್ಷಣಗಳಿವೆ: ತಾನು ದೊಡ್ಡವನೆಂಬ ಭಾವ, ಮಿತಿಯಿಲ್ಲದ ಯಶಸ್ಸಿನ ಕನಸು, ತನ್ನನ್ನು ಅರ್ಥ ಮಾಡಿಕೊಳ್ಳಲು ವಿಶೇಷ ಜನರೇ ಬೇಕೆಂಬ ನಂಬಿಕೆ, ಹೊಗಳಿಕೆಯ ಹಸಿವು, ತನಗೆ ಸಲ್ಲಲೇಬೇಕೆಂಬ ಹಕ್ಕಿನ ಭಾವ, ಇತರರನ್ನು ಬಳಸಿಕೊಳ್ಳುವುದು, ಪರರ ನೋವಿಗೆ ಸ್ಪಂದಿಸದಿರುವುದು, ಅಸೂಯೆ, ಉದ್ಧಟತನ. ಇವುಗಳಲ್ಲಿ ಕನಿಷ್ಠ ಐದು ಇರಬೇಕು. ಯೌವನದ ಆರಂಭದಿಂದಲೇ ಇರಬೇಕು. ಆಫೀಸು, ಮನೆ, ಗೆಳೆತನ ಎಲ್ಲ ಕಡೆ ಕಾಣಬೇಕು. ಜೀವನಕ್ಕೆ ಅಡ್ಡಿಯಾಗಿರಬೇಕು ಅಥವಾ ಸಂಕಟ ಕೊಟ್ಟಿರಬೇಕು. ಆಫೀಸಿನಲ್ಲಿ ಮಾತ್ರ ಹಾರಾಡಿ ಮನೆಯಲ್ಲಿ ಸರಿಯಾಗಿರುವವನಿಗೆ ಬಂದಿರುವುದು ಅಧಿಕಾರದ ಮದ, ಎನ್‌ಪಿಡಿ ಅಲ್ಲ. ಸಮುದಾಯ ಅಧ್ಯಯನಗಳಲ್ಲಿ ಇದರ ಪ್ರಮಾಣ ಶೇ 6.2 ದಾಟುವುದಿಲ್ಲ ಎನ್ನುತ್ತದೆ ಡಿಎಸ್‌ಎಂ-5. ಮಾಜಿ ಬಾಯ್‌ಫ್ರೆಂಡುಗಳ ಬಗ್ಗೆ ನಾನು ಕೇಳುವ ಲೆಕ್ಕವೇ ಬೇರೆ.

ಹೆಸರು ಕೊಡುವ ಮೊದಲು ಬೇರೆ ಕಾಯಿಲೆಗಳನ್ನು ಪಕ್ಕಕ್ಕಿಡಬೇಕು. ನಾನು ಮೊದಲು ಕೇಳುವುದು ನಿದ್ದೆ. ಮೂರು ಗಂಟೆ ಮಲಗಿಯೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ, ದುಡ್ಡು ನೀರಿನಂತೆ ಹೋಗುತ್ತಿದೆ, ಇದು ನಾಲ್ಕು ದಿನ ಮೀರಿದೆ ಎಂದರೆ ಯೋಚಿಸಬೇಕಾದ್ದು ಬೈಪೋಲಾರ್, ಅಂದರೆ ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ. ಅದಕ್ಕೆ ಮಾತ್ರೆ ಬೇಕು, ಮನೋವೈದ್ಯರು ಬೇಕು. ಕುಡಿತ, ಕೊಕೇನ್ ವಿಚಾರಿಸದೆ ಮುಂದೆ ಹೋಗುವುದಿಲ್ಲ. ಐವತ್ತು ದಾಟಿದವರಲ್ಲಿ ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿದ್ದರೆ ನ್ಯೂರಾಲಜಿಗೆ ಕಳಿಸುತ್ತೇನೆ. ಮೆದುಳು ಸವೆಯುತ್ತಾ ಸ್ವಭಾವ ಬದಲಾಗುವ ಫ್ರಾಂಟೊಟೆಂಪೊರಲ್ ಡಿಮೆನ್ಶಿಯ ಹೀಗೆಯೇ ಶುರುವಾಗಬಹುದು.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತದೆ. ‘ನಿಮಗೆ ಹೊಟ್ಟೆಕಿಚ್ಚಾ?’ ಎಂದರೆ ಹೌದು ಎನ್ನುವವರಿಲ್ಲ. ‘ನಿಮ್ಮ ಬ್ಯಾಚಿನವರು ಯಾರಾದ್ರೂ ಡೈರೆಕ್ಟರ್ ಆಗಿದಾರಾ? ಆ ಸುದ್ದಿ ಲಿಂಕ್ಡ್‌ಇನ್‌ನಲ್ಲಿ ನೋಡಿದ ರಾತ್ರಿ ಏನ್ ಮಾಡಿದ್ರಿ?’ ಎಂದರೆ ಮಾತು ಹೊರಡುತ್ತದೆ. ಹಕ್ಕಿನ ಭಾವಕ್ಕೆ ‘ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯುರಿಟಿ ತಡೆದು ಸಹಿ ಮಾಡಿ ಅಂದಾಗ?’ ಸ್ಪಂದನೆಗೆ ‘ಮನೆಯವರಿಗೆ ಜ್ವರ ಬಂದ ದಿನ ನಿಮ್ಮ ದಿನಚರಿಯಲ್ಲಿ ಏನು ಬದಲಾಯಿತು?’ ಇಲ್ಲೊಂದು ಸೂಕ್ಷ್ಮ ಇದೆ: ಎದುರಿನವರ ಮನಸ್ಸಲ್ಲಿ ಏನಿದೆ ಎಂದು ಊಹಿಸುವ ಶಕ್ತಿ ಇವರಲ್ಲಿ ಹಲವರಿಗೆ ಚೆನ್ನಾಗಿಯೇ ಇರುತ್ತದೆ. ಕೊರತೆ ಇರುವುದು ಅದು ತನಗೆ ತಟ್ಟುವಲ್ಲಿ. ಆದ್ದರಿಂದ ‘ಭಾವನೆಯೇ ಇಲ್ಲದ ಮನುಷ್ಯ’ ಎನ್ನುವುದು ತಪ್ಪು. ಒಪ್ಪಿಗೆ ಪಡೆದು ಮನೆಯವರೊಬ್ಬರ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ. ಮೂರು ನಾಲ್ಕು ಭೇಟಿಯಾಗದೆ ತೀರ್ಮಾನಕ್ಕೆ ಬರುವುದಿಲ್ಲ. ನೆಟ್‌ನಲ್ಲಿ ಸಿಗುವ 40 ಪ್ರಶ್ನೆಗಳ ಎನ್‌ಪಿಐ (ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಇನ್ವೆಂಟರಿ) ಸಾಮಾನ್ಯ ಜನರ ಗುಣ ಅಳೆಯಲು ಮಾಡಿದ್ದು. ಅದರಲ್ಲಿ ಹೆಚ್ಚು ಅಂಕ ಬಂದರೆ ಕಾಯಿಲೆ ಎಂದಲ್ಲ.

ಹಾರಾಡುವವರು ಸುಲಭವಾಗಿ ಕಣ್ಣಿಗೆ ಬೀಳುತ್ತಾರೆ. ಮುದುಡಿ ಕೂತವರು ತಪ್ಪಿಹೋಗುತ್ತಾರೆ. ಟೀಕೆ ಬರಬಹುದೆಂದು ಕೆಲಸವನ್ನೇ ಶುರುಮಾಡದವರು, ಒಳಗೆ ‘ನನ್ನ ಯೋಗ್ಯತೆ ಯಾರಿಗೂ ಗೊತ್ತಾಗಲಿಲ್ಲ’ ಎಂದು ಕುದಿಯುವವರು. ಡಿಪ್ರೆಶನ್ ಎಂಬ ಚೀಟಿಯಲ್ಲಿ ವರ್ಷಗಟ್ಟಲೆ ಮಾತ್ರೆ ನುಂಗಿರುತ್ತಾರೆ. ಮಾತ್ರೆ ಡಿಪ್ರೆಶನ್, ಆತಂಕಗಳಿಗೆ ಸಹಾಯ ಮಾಡುತ್ತದೆ. ಎನ್‌ಪಿಡಿಗೆಂದೇ ಅನುಮೋದನೆ ಪಡೆದ ಔಷಧಿ ಇಲ್ಲ, ಚಿಕಿತ್ಸೆ ಎಂದರೆ ಮಾತಿನ ಚಿಕಿತ್ಸೆಯೇ.

ಹೆಸರನ್ನು ಹೇಳುವಾಗ ನಾನು ಹೀಗೆ ಹೇಳುತ್ತೇನೆ: ‘ನಿಮ್ಮ ಬಗ್ಗೆ ನಿಮಗಿರೋ ಅಭಿಪ್ರಾಯ ತುಂಬಾ ಮೇಲೂ ಹೋಗುತ್ತೆ, ತುಂಬಾ ಕೆಳಗೂ ಬೀಳುತ್ತೆ. ಅದನ್ನ ಹಿಡಿದು ನಿಲ್ಲಿಸೋಕೆ ಹೊರಗಿನವರ ಮೆಚ್ಚುಗೆ ಬೇಕಾಗುತ್ತೆ. ಅದಕ್ಕೆ ನೀವೂ ಬೆಲೆ ಕೊಡ್ತಿದ್ದೀರಿ, ಮನೆಯವರೂ ಕೊಡ್ತಿದ್ದಾರೆ.’ ಬಹುತೇಕರು ಒಪ್ಪುತ್ತಾರೆ. ಎನ್‌ಪಿಡಿ ಎಂಬ ಹೆಸರು ಅದರ ನಂತರ. ಮೊದಲೇ ಹೇಳಿದರೆ ಅವರು ಮನೆಗೆ ಹೋಗಿ ಹುಡುಕುತ್ತಾರೆ. ಸಿಗುವುದೆಲ್ಲ ‘ಇಂಥವರಿಂದ ಓಡಿ’ ಎಂಬ ವಿಡಿಯೊ.

ಚಿಕಿತ್ಸೆಯ ದಿನನಿತ್ಯದ ಸಾಮಗ್ರಿ ಒಂದು ನೋಟ್‌ಬುಕ್, ಮೂರು ಕಾಲಂ: ಏನಾಯಿತು, ಎಲ್ಲಿ ಚುಚ್ಚಿತು, ಏನು ಮಾಡಿದೆ. ಅಪ್ರೈಸಲ್ ತೆಗೆದುಕೊಳ್ಳಿ. ಮ್ಯಾನೇಜರ್ ‘ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್’ ಎಂದು ಹಾಕಿದ. ಮೊದಲ ಕಾಲಂ ತುಂಬುವುದು ಸಲೀಸು. ಮೂರನೆಯದೂ ಸಲೀಸು: ಇಡೀ ಟೀಮಿಗೆ ಸಿಸಿ ಹಾಕಿ ಉದ್ದದ ಮೇಲ್. ಮಧ್ಯದ್ದು ಖಾಲಿ ಇರುತ್ತದೆ, ಇಲ್ಲವೇ ‘ಅವನು ಮೂರ್ಖ’ ಎಂದಿರುತ್ತದೆ. ನಾವು ವಾರಗಟ್ಟಲೆ ಕೂರುವುದು ಆ ಕಾಲಂನಲ್ಲಿ. ಕೋಪಕ್ಕಿಂತ ಒಂದು ಕ್ಷಣ ಮುಂಚೆ ಮುಖ ಬಿಸಿಯಾಗಿರುತ್ತದೆ, ಹೊಟ್ಟೆ ಹಿಂಡಿರುತ್ತದೆ. ಅದು ನಾಚಿಕೆ, ‘ನಾನು ಸಾಧಾರಣ’ ಎಂಬ ಭಯ. ಅಷ್ಟು ಬರೆಯಲು ಬಂದ ಮೇಲೆ ನಿಯಮ ಒಂದು: ಮೇಲ್ ಬರೆಯಿರಿ, 24 ಗಂಟೆ ಡ್ರಾಫ್ಟ್‌ನಲ್ಲೇ ಇರಲಿ. ಇದು ವರ್ಷಗಳ ಕೆಲಸ, ಆರು ವಾರದ ಕೋರ್ಸ್ ಅಲ್ಲ.

ಎಡವುವುದು ಹೆಚ್ಚಾಗಿ ಥೆರಪಿಸ್ಟೇ. ಶುರುವಿನಲ್ಲಿ ‘ನಿಮ್ಮಂಥ ಡಾಕ್ಟರ್ ನೋಡೇ ಇಲ್ಲ’ ಎಂದಾಗ ಉಬ್ಬಿದರೆ, ಮುಂದಿನ ತಿಂಗಳು ‘ನಿಮಗೇನೂ ಗೊತ್ತಿಲ್ಲ’ ಎಂದಾಗ ಕುಗ್ಗಿ ಸೇಡು ತೀರಿಸಿಕೊಳ್ಳುತ್ತೀರಿ. ಅವಸರದಲ್ಲಿ ತಪ್ಪು ಎತ್ತಿ ತೋರಿಸಿದರೆ ಎದ್ದು ಹೋಗುತ್ತಾರೆ. ಬರೀ ಹೊಗಳಿದರೆ ಏನೂ ಬದಲಾಗುವುದಿಲ್ಲ. ವಾರಕ್ಕೊಮ್ಮೆ 50 ನಿಮಿಷ, ಅದೇ ದಿನ, ಅದೇ ಹೊತ್ತು, ಅದೇ ಫೀಸು, ರಾತ್ರಿ ವಾಟ್ಸಾಪ್ ಇಲ್ಲ. ಮೊದಲ ತಿಂಗಳಲ್ಲೇ ಹೇಳಿಡುತ್ತೇನೆ: ‘ಒಂದಿನ ನನ್ನ ಮೇಲೆ ವಿಪರೀತ ಕೋಪ ಬರುತ್ತೆ. ಆವತ್ತು ನಿಲ್ಲಿಸ್ಬೇಡಿ, ಬಂದು ಬೈದು ಹೋಗಿ.’ ಕೇಸ್ ಶೀಟಿನಲ್ಲಿ ‘ಮ್ಯಾನಿಪ್ಯುಲೇಟಿವ್’ ಎಂದು ಬರೆಯುವ ಚಾಳಿ ನಮ್ಮ ವೃತ್ತಿಯಲ್ಲೇ ಇದೆ. ‘ಮೂರು ಸಲ ಅಪಾಯಿಂಟ್‌ಮೆಂಟ್ ಬದಲಿಸಿದರು, ನಾಲ್ಕನೆಯ ಸಲ ಆಗದು ಎಂದಾಗ ಫೋನ್ ಇಟ್ಟರು’ ಎಂದು ನಡೆದದ್ದನ್ನೇ ಬರೆದರೆ ಮುಂದೆ ನೋಡುವವರು ಹಲ್ಲು ಕಚ್ಚಿಕೊಂಡು ಕೂರುವುದಿಲ್ಲ.

ಆತ್ಮಹತ್ಯೆಯ ಅಪಾಯವನ್ನು ಇಲ್ಲಿ ಲಘುವಾಗಿ ಎಣಿಸುವಂತಿಲ್ಲ. ಕೆಲಸ ಹೋದಾಗ, ಸಾಲ ಬಯಲಾದಾಗ, ಡಿವೋರ್ಸ್ ನೋಟಿಸ್ ಬಂದಾಗ, ಡಿಪ್ರೆಶನ್ನಿನ ಲಕ್ಷಣವೇ ಇಲ್ಲದಿದ್ದರೂ ಬರಬಹುದು. ‘ಇಂಥವರು ತಮ್ಮನ್ನು ತಾವು ಪ್ರೀತಿಸ್ತಾರೆ, ಸಾಯಲ್ಲ’ ಎಂಬ ಮಾತನ್ನು ಆಸ್ಪತ್ರೆಯೊಳಗೂ ಕೇಳಿದ್ದೇನೆ. ಅಂಥ ಘಟನೆಯ ನಂತರ ನೇರವಾಗಿ ಕೇಳುತ್ತೇನೆ: ಸಾಯುವ ಯೋಚನೆ ಇದೆಯೇ, ಹೇಗೆಂದು ಯೋಚಿಸಿದ್ದೀರಾ?

ಹೊಡೆತ, ಬೆದರಿಕೆ, ದುಡ್ಡು ಕಿತ್ತುಕೊಳ್ಳುವುದು ಇದ್ದರೆ ರೋಗದ ಹೆಸರು ಏನೇ ಇರಲಿ, ಅದು ಕೌಟುಂಬಿಕ ದೌರ್ಜನ್ಯ. ಅದಕ್ಕೆಂದೇ 2005ರ ಕಾಯ್ದೆ ಇದೆ, ಮಹಿಳೆಯರಿಗೆ 181 ಸಹಾಯವಾಣಿ ಇದೆ. ಹೆದರಿಕೆ ಇರುವಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಕೌನ್ಸೆಲಿಂಗ್ ಮಾಡುವುದಿಲ್ಲ. ಅಲ್ಲಿ ಬಾಯಿಬಿಟ್ಟದ್ದಕ್ಕೆ ಮನೆಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ನಗರದಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗ ಇದೆ. ಫೋನಿನಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ. ಖಾಸಗಿಯಾಗಿ ಹೋಗುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವವರೇ ಎಂದು ನೋಡಿಕೊಳ್ಳಿ. ಫೋನ್ ಮಾಡಿದಾಗಲೇ ಕೇಳಿ: ಪರ್ಸನಾಲಿಟಿ ಡಿಸಾರ್ಡರ್ ಇರುವವರನ್ನು ನೋಡಿದ್ದೀರಾ, ಎಷ್ಟು ಕಾಲ ಹಿಡಿಯಬಹುದು? ಬಂದವರನ್ನು ಬಿಟ್ಟು ಬರದವರ ರೋಗ ಗುರುತಿಸಿಕೊಡುತ್ತೇನೆ ಎಂದರೆ ಅಲ್ಲಿಗೆ ಫೀಸು ಕಟ್ಟಬೇಡಿ.