ಕಾಲ ಮುಗಿಯುವ ಹೊತ್ತಿನ ಸ್ಟ್ರೈಪರ್: ದಂಡೆಯಲ್ಲಿ ನನ್ನ ಅನುಭವ

ಅಮೆರಿಕದ ನ್ಯೂಜೆರ್ಸಿಯಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದರೆ ಹೆಚ್ಚಿನವರು ಗಾಳ ಮೂಲೆಗಿಡುತ್ತಾರೆ. ನನಗೆ ಇಷ್ಟದ ದಿನಗಳು ಶುರುವಾಗುವುದೇ ಆಗ. ನ್ಯೂ ಇಂಗ್ಲೆಂಡ್ ಕಡೆಯಿಂದ ದಕ್ಷಿಣಕ್ಕೆ ಇಳಿಯುವ ಸ್ಟ್ರೈಪ್ಡ್ ಬಾಸ್, ನಾವೆಲ್ಲ ಸ್ಟ್ರೈಪರ್ ಅನ್ನುವ ಪಟ್ಟೆಮೀನು, ದಾರಿಯುದ್ದಕ್ಕೂ ಮೇಯುತ್ತಾ ಡಿಸೆಂಬರಿನಲ್ಲೂ ಐಲೆಂಡ್ ಬೀಚ್ ಸ್ಟೇಟ್ ಪಾರ್ಕಿನ ದಂಡೆಗೆ ಬರುತ್ತದೆ.

ಮೊದಲ ಎರಡು ವರ್ಷ ನನಗೆ ಒಂದೂ ಸಿಗಲಿಲ್ಲ. ಹತ್ತಡಿ ರಾಡಿನಿಂದ ತೋಳು ನೋಯುವಷ್ಟು ದೂರ ಎಸೆಯುತ್ತಿದ್ದೆ. ಕುಂದಾಪುರದಲ್ಲಿರುವ ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿಕೊಂಡೆ. ಬೀಸುಬಲೆ ಹಾಕಿ ಬೆಳೆದವರು ಅವರು. "ಮೊದ್ಲ್ ನೀರ್ ಕಾಣ್ ಮಗಾ" ಅಂದರು, ಅಷ್ಟೇ.

ಮರುವಾರ ರಾಡು ಮನೆಯಲ್ಲೇ ಬಿಟ್ಟು ಪೂರ್ತಿ ಇಳಿತದ ಹೊತ್ತಿಗೆ ಹೋದೆ. ಆಗ ಕಂಡಿತು. ತೆರೆ ಒಡೆದು ನೊರೆ ಏಳುವಲ್ಲಿ ಮರಳಿನ ದಿಬ್ಬ. ಅದಕ್ಕೂ ದಂಡೆಗೂ ನಡುವೆ ಉದ್ದಕ್ಕೆ ತಗ್ಗು. ದಿಬ್ಬದ ಸಾಲಿನಲ್ಲಿ ಒಂದು ಕಡೆ ತೆರೆಯೇ ಒಡೆಯುತ್ತಿಲ್ಲ, ನೀರು ಕಪ್ಪಗಿದೆ. ಅದು ದಿಬ್ಬ ಕಡಿದುಹೋದ ಜಾಗ. ಇಳಿತದಲ್ಲಿ ತಗ್ಗಿನ ನೀರೆಲ್ಲ ಅಲ್ಲಿಂದಲೇ ಹೊರಗೆ ಹರಿಯುತ್ತದೆ, ಸಣ್ಣ ಮೀನನ್ನೂ ಎಳೆದೊಯ್ಯುತ್ತದೆ. ಸ್ಟ್ರೈಪರ್ ಆ ಬಾಯಲ್ಲಿ ಕಾಯುತ್ತದೆ. ಎರಡು ವರ್ಷ ನಾನು ಮೀನಿನ ತಲೆ ಮೇಲಿಂದ ಎಸೆಯುತ್ತಿದ್ದೆ!

ಇಲ್ಲಿ ಬಂಕರ್ ಎಂಬ ಮೀನಿದೆ, ನಮ್ಮ ಬೂತಾಯಿಯ ದಾಯಾದಿ. ಅದರ ಹಿಂಡು ದಂಡೆಗೆ ಬಂದರೆ ಗ್ಯಾನೆಟ್ ಹಕ್ಕಿಗಳು ಮೇಲಿಂದ ಬಾಣದ ಹಾಗೆ ಬೀಳುವುದು ಕಾಣುತ್ತದೆ. ಆದರೆ ಕಾಲದ ಕೊನೆಗೆ ನಾನು ನಂಬುವುದು ಸ್ಯಾಂಡ್ ಈಲ್ ಅನ್ನು, ಮರಳೊಳಗೆ ಹೂತುಕೊಳ್ಳುವ ತೆಳು ಉದ್ದ ಮೀನು. ಅದನ್ನೇ ಹೋಲುವ ಸಪೂರ ಲೋಹದ ಲೂರ್, ಅಂದರೆ ನಕಲಿ ಮೀನು, ಕಟ್ಟುತ್ತೇನೆ, ಒಂದೂವರೆ ಅಡಿ ಮೇಲೆ ಸಣ್ಣ ಟೀಸರ್, ಅಂದರೆ ಇನ್ನೊಂದು ಪುಟ್ಟ ನಕಲಿ ಎರೆ. ತಣ್ಣೀರಿನಲ್ಲಿ ಮೀನು ಅಟ್ಟಿಸಿಕೊಂಡು ಬರುವುದಿಲ್ಲ, ಹಾಗಾಗಿ ರೀಲ್ ನಿಧಾನ, ಲೂರ್ ಆಗಾಗ ಮರಳು ಸೋಕುವಷ್ಟು ನಿಧಾನ. ನಿಜವಾದ ಮೀನಿನ ತುಂಡು ಸಿಕ್ಕಿಸುವುದಾದರೆ ತುದಿ ಒಳಕ್ಕೆ ಬಾಗಿದ ಗಾಳ, ಸರ್ಕಲ್ ಹುಕ್, ಕಡ್ಡಾಯ.

ನೀರಲ್ಲಿ ನಿಲ್ಲಲು ತೊಡುವ ಉದ್ದನೆಯ ಜಲನಿರೋಧಕ ಉಡುಪು, ವೇಡರ್, ಹಾಕಿದರೆ ಸೊಂಟದ ಬೆಲ್ಟ್ ಬಿಗಿದೇ ನೀರಿಗಿಳಿಯಿರಿ. ಬಿದ್ದಾಗ ಒಳಗೆ ನೀರು ನುಗ್ಗುವುದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ.

ಮೊದಲ ಮೀನು ಸಿಕ್ಕಿದ್ದು ಬೆಳಕು ಹರಿಯುವ ಮೊದಲು. ಬೆನ್ನಿಗೆ ವಾಯುವ್ಯದ ಗಾಳಿ, ತೆರೆ ಚಪ್ಪಟೆ. ಲೂರ್ ಕಾಲಬುಡದ ಕೊನೆಯ ತೆರೆಯೊಳಗೆ ಬಂದಿತ್ತು, ಇನ್ನೇನು ಎತ್ತಬೇಕು. ರಾಡು ಬಗ್ಗಿತು, ರೀಲ್ ಕಿರುಗುಟ್ಟಿತು. ಹತ್ತು ನಿಮಿಷದಲ್ಲಿ ಹೆಡ್‌ಲ್ಯಾಂಪಿನ ಬೆಳಕಿಗೆ ಬೆಳ್ಳಿ ಮೈ, ಅದರ ಮೇಲೆ ಗೆರೆ ಎಳೆದಂಥ ಕಪ್ಪು ಪಟ್ಟೆಗಳು. ಚೂಪು ಹಲ್ಲಿಲ್ಲ. ಕೆಳದುಟಿ ಹಿಡಿದರೆ ಮರಳುಕಾಗದದ ಹಾಗೆ ಹೆಬ್ಬೆರಳಿಗೆ ಉಜ್ಜುತ್ತದೆ.

ಅಳೆದರೆ 33 ಇಂಚು. ಇಟ್ಟುಕೊಳ್ಳಬಹುದಾದದ್ದು 28ರಿಂದ 31 ಇಂಚಿನೊಳಗಿನದು, ದಿನಕ್ಕೆ ಒಂದೇ. ಇಂಥ ದೊಡ್ಡವು ವಸಂತದಲ್ಲಿ ಚೆಸಪೀಕ್ ಕೊಲ್ಲಿ, ಹಡ್ಸನ್ ನದಿಯ ನೀರಿಗೆ ಹತ್ತಿ ಮೊಟ್ಟೆ ಇಡುತ್ತವೆ. ಮೊಣಕಾಲು ನೀರಿನಲ್ಲಿ ಬಾಲದ ಬುಡ ಹಿಡಿದು ನಿಂತೆ. ಕಿವಿರು ಎರಡು ಸಲ ತೆರೆದು ಮುಚ್ಚಿತು. ಆಮೇಲೆ ಬಾಲ ನನ್ನ ಕೈಯನ್ನು ಬಲವಾಗಿ ಒದ್ದು, ಆ ಕಪ್ಪು ನೀರಿನ ಕಡೆಗೇ ಹೋಯಿತು.