ಮರಿಬೆಕ್ಕಿನ ಕಚ್ಚುವ ಚಟ ಬಿಡಿಸಿದ್ದು ಹೀಗೆ

ಬೆಕ್ಕಿನ ಮರಿ ಕಚ್ಚುವುದು ಸಿಟ್ಟಿನಿಂದಲ್ಲ, ಹಟದಿಂದಲೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ್ದೆಲ್ಲ ಈ ಮಾತಿನ ಮೇಲೇ ನಿಂತಿದೆ. ನಮ್ಮ ಮನೆಗೆ ಮಿಂಚು ಬಂದಾಗ ಅದಕ್ಕೆ ಸುಮಾರು ಆರು ವಾರ. ತಾಯಿ ಇರಲಿಲ್ಲ, ಜೊತೆಗೆ ಹುಟ್ಟಿದ ಮರಿಗಳೂ ಇರಲಿಲ್ಲ. ಮೊದಮೊದಲು ಮಂಚದ ಕೆಳಗೇ ಮುದುಡಿಕೊಂಡಿರುತ್ತಿತ್ತು. ಹೆದರಿಕೆ ಬಿಟ್ಟ ಮೇಲೆ ಶುರುವಾಯಿತು. ಕೈ ಕಂಡರೆ ಕೈಗೆ ಬಾಯಿ, ಕಾಲು ಕಂಡರೆ ಕಾಲಿಗೆ ಬಾಯಿ. ಬಾಗಿಲ ಪರದೆಯ ಹಿಂದೆ ಹೊಂಚು ಹಾಕಿ ಕೂತಿದ್ದು ಹಿಮ್ಮಡಿಗೆ ಹಾರುತ್ತಿತ್ತು. ಮರಿಯ ಹಲ್ಲು ಸೂಜಿಯಷ್ಟು ಚೂಪು, ಚರ್ಮ ಸುಲಭವಾಗಿ ತೂತಾಗುತ್ತದೆ.

ಮರಿಗಳು ಒಟ್ಟಿಗೆ ಬೆಳೆಯುವಾಗ ಎಚ್ಚರ ಇದ್ದಷ್ಟು ಹೊತ್ತೂ ಕುಸ್ತಿಯೇ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಎದ್ದು ಹೋಗುತ್ತದೆ. ಇಲ್ಲಾ ಅಷ್ಟೇ ಜೋರಾಗಿ ತಿರುಗಿ ಕಚ್ಚುತ್ತದೆ. ಅತಿಯಾದರೆ ತಾಯಿಯೂ ಬುದ್ಧಿ ಕಲಿಸುತ್ತದೆ. ತನ್ನ ಹಲ್ಲಿನ ಜೋರು ಎಷ್ಟು, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಮರಿಗೆ ಗೊತ್ತಾಗುವುದೇ ಹೀಗೆ. ಮರಿಯನ್ನು ಕನಿಷ್ಠ 8 ವಾರ, ಸಾಧ್ಯವಾದರೆ 12 ವಾರ ತಾಯಿಯ ಜೊತೆ ಬಿಡಿ ಅಂತ ಬೆಕ್ಕು ಬಲ್ಲವರು ಹೇಳುವುದು ಇದಕ್ಕೇ. ಮಿಂಚುಗೆ ಆ ಪಾಠ ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ನಾವೇ ಕಲಿಸಬೇಕಿತ್ತು.

ಹಾಗಾಗಿ ನಾನು ಮನೆಯಲ್ಲಿ ಒಂದೇ ನಿಯಮ ಮಾಡಿದೆ. ಕೈ ಆಟದ ಸಾಮಾನು ಅಲ್ಲ. ಬೆರಳು ಕುಣಿಸಿ ಕರೆಯುವಂತಿಲ್ಲ. ಹೊದಿಕೆಯ ಕೆಳಗೆ ಕಾಲು ಆಡಿಸುವಂತಿಲ್ಲ. ಅಂಗಾತ ಮಲಗಿಸಿ ಹೊಟ್ಟೆ ಕೆರೆಯುವಂತಿಲ್ಲ. ಹೇಳುವುದು ಸುಲಭ, ಪಾಲಿಸುವುದು ಕಷ್ಟ. ನನ್ನ ಮಗನಿಗೆ ಮಿಂಚು ಜೊತೆ ಕೈಯಲ್ಲಿ ಕುಸ್ತಿ ಆಡುವುದೇ ದೊಡ್ಡ ಖುಷಿಯಾಗಿತ್ತು. "ಅಮ್ಮಾ, ನಂಗೇನೂ ನೋವಾಗಲ್ಲ, ಬಿಡಮ್ಮಾ" ಅನ್ನುತ್ತಿದ್ದ. "ನಿಂಗೆ ನೋವಾಗಲ್ಲ ಕಣೋ, ಆದ್ರೆ ಅಜ್ಜಿ ಕೈ ಯಾವುದು, ನಿನ್ನ ಕೈ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?" ಅಂತ ಕೇಳಿದೆ. ಅದು ಅವನ ಮನಸ್ಸಿಗೆ ನಾಟಿತು. ಹತ್ತು ಸಲ ಕಚ್ಚಿದಾಗ ಒಂದೇ ಸಲ ಆಟ ಸಿಕ್ಕರೂ ಸಾಕು, ಆ ಒಂದರ ಆಸೆಗೆ ಮರಿ ಮತ್ತೆ ಮತ್ತೆ ಕಚ್ಚುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನ ಅಭ್ಯಾಸವನ್ನು ಇನ್ನೂ ಗಟ್ಟಿ ಮಾಡುತ್ತದೆ. ಆದ್ದರಿಂದ ಮನೆಯ ಎಲ್ಲರೂ ಒಂದೇ ರೀತಿ ನಡೆದುಕೊಳ್ಳಲೇಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಿಲ್ಲ.

ಇನ್ನು ಕಚ್ಚಿಯೇಬಿಟ್ಟರೆ ಏನು ಮಾಡುತ್ತಿದ್ದೆ ಅನ್ನುವುದು. ಕೈ ಎಳೆದುಕೊಳ್ಳುವುದು ಎಲ್ಲರಿಗೂ ತಾನಾಗಿ ಬರುವ ಕೆಲಸ. ಆದರೆ ಬೆಕ್ಕಿನ ಲೆಕ್ಕದಲ್ಲಿ ಓಡುವುದೇ ಬೇಟೆ. ಕೈ ಎಳೆದಷ್ಟೂ ಅದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಹಿಂಗಾಲಿನಿಂದ ಒದೆಯುತ್ತದೆ, ಗೀರುಗಳು ಜಾಸ್ತಿಯಾಗುತ್ತವೆ. ನಾನು ಕೈಯನ್ನು ಹಾಗೇ ಅಲ್ಲಾಡದಂತೆ ಹಿಡಿಯುತ್ತಿದ್ದೆ. ಮರಿ ಬಿಡದಿದ್ದರೆ ಕೈಯನ್ನು ಒಂಚೂರು ಅದರ ಬಾಯಿಯ ಕಡೆಗೇ ಮೆತ್ತಗೆ ಒತ್ತುತ್ತಿದ್ದೆ. ಬೇಟೆ ತನ್ನ ಕಡೆಗೇ ಬರುವುದು ಮರಿಗೆ ಅರ್ಥವಾಗುವುದಿಲ್ಲ, ಗೊಂದಲಗೊಂಡು ಬಾಯಿ ಸಡಿಲಿಸುತ್ತದೆ. ಬಿಟ್ಟ ಕೂಡಲೇ ಮಾತಿಲ್ಲದೆ ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ಏನೂ ಆಗದ ಹಾಗೆ ವಾಪಸ್ ಬರುತ್ತಿದ್ದೆ. ಹೊತ್ತು ಇದಕ್ಕಿಂತ ಜಾಸ್ತಿಯಾದರೆ ಯಾಕೆ ಹೋದರು ಅನ್ನುವುದೇ ಮರಿಗೆ ಮರೆತುಹೋಗಿರುತ್ತದೆ. ಕಚ್ಚಿದರೆ ಆಟ ಮುಗಿಯಿತು, ಜೊತೆಗಿದ್ದವರು ಹೊರಟುಹೋದರು. ಅಷ್ಟು ತಿಳಿದರೆ ಸಾಕು. ಜೊತೆಯ ಮರಿಗಳು ಕಲಿಸುವುದೂ ಇದನ್ನೇ ಅಲ್ವಾ?

ಕಚ್ಚಿದಾಗ ಜೋರಾಗಿ "ಆ!" ಅಂತ ಕೂಗಿ ಅಂತ ಕೆಲವರು ಹೇಳುತ್ತಾರೆ. ಕೆಲವು ಮರಿಗಳಿಗೆ ಅದು ಕೆಲಸ ಮಾಡುತ್ತದೆ. ಮಿಂಚುಗೆ ಚೂಪಾದ ದನಿ ಕೇಳಿದರೆ ಹುರುಪು ಇನ್ನೂ ಏರುತ್ತಿತ್ತು. ನಾನು ಮೌನವನ್ನೇ ಆರಿಸಿಕೊಂಡೆ. ನಿಮ್ಮ ಮರಿ ಎಂಥದ್ದು ಅಂತ ನೋಡಿ ನೀವು ತೀರ್ಮಾನಿಸಿ.

ಆದರೆ ಬರೀ ಬೇಡ ಅಂದರೆ ಸಾಲದು. ಕಚ್ಚುವ ಆಸೆ ಎಲ್ಲಿಗೂ ಹೋಗುವುದಿಲ್ಲ. ಹೊಂಚು ಹಾಕುವುದು, ಅಟ್ಟುವುದು, ನೆಗೆಯುವುದು, ಹಿಡಿದು ಕಚ್ಚುವುದು, ಇವು ಬೆಕ್ಕಿನ ಹುಟ್ಟುಗುಣ. ಅದಕ್ಕೆ ಸರಿಯಾದ ಜಾಗ ತೋರಿಸಬೇಕು. ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿಯೋ ಬಟ್ಟೆಯ ಇಲಿಯೋ ಇರುವ ಆಟಿಕೆ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಕೈಗೂ ಹಲ್ಲಿಗೂ ನಡುವೆ ಒಂದು ಕೋಲಿನಷ್ಟು ದೂರ ಇರುತ್ತದೆ.

ಅದನ್ನು ಆಡಿಸುವುದಕ್ಕೂ ಒಂದು ರೀತಿ ಇದೆ. ಎಷ್ಟೋ ಜನ ಆಟಿಕೆಯನ್ನು ಮರಿಯ ಮೂತಿಯ ಮುಂದೆ ಸುಮ್ನೆ ಅಲ್ಲಾಡಿಸುತ್ತಾರೆ. ಯಾವ ಇಲಿಯೂ ಬೆಕ್ಕಿನ ಮುಖಕ್ಕೆ ಬಂದು ಕುಣಿಯುವುದಿಲ್ಲ. ಅದು ದೂರ ಓಡುತ್ತದೆ, ಗೋಡೆ ಪಕ್ಕ ಸರಿಯುತ್ತದೆ, ಕುರ್ಚಿಯ ಹಿಂದೆ ಅಡಗುತ್ತದೆ, ಉಸಿರು ಬಿಗಿಹಿಡಿದು ನಿಲ್ಲುತ್ತದೆ. ನಾನು ಹಾಗೇ ಆಡಿಸುತ್ತಿದ್ದೆ. ಆಟಿಕೆ ಮೂಲೆಯಲ್ಲಿ ಅಡಗಿ ತುದಿ ಮಾತ್ರ ಚೂರು ಅಲ್ಲಾಡಿದಾಗ ಮಿಂಚುವಿನ ಕಣ್ಣು ಕಪ್ಪಗೆ ಅರಳುತ್ತಿತ್ತು, ಹಿಂಭಾಗ ತೂಗಾಡುತ್ತಿತ್ತು, ಆಮೇಲೆ ಒಂದೇ ನೆಗೆತ. ಹೊಂಚು ಹಾಕುವ ಆ ಹೊತ್ತೂ ಆಟವೇ, ಅವಸರ ಮಾಡಬಾರದು. ನಡುನಡುವೆ ಹಿಡಿಯಲು ಬಿಡಬೇಕು. ಎಂದೂ ಕೈಗೆ ಸಿಗದ ಬೇಟೆ ಮರಿಯನ್ನು ಕೆರಳಿಸುತ್ತದೆ, ಆ ಕೆರಳಿಕೆ ಕೊನೆಗೆ ನಮ್ಮ ಕಾಲಿನ ಮೇಲೆ ತೀರುತ್ತದೆ. ಲೇಸರ್ ಬೆಳಕಿನ ಆಟ ನನಗೆ ಅಷ್ಟು ಇಷ್ಟವಾಗದಿರುವುದು ಇದಕ್ಕೇ. ಆಡಿಸಲೇಬೇಕಿದ್ದರೆ ಬೆಳಕನ್ನು ಕಣ್ಣಿಗೆ ಬಿಡಬೇಡಿ, ಕೊನೆಯಲ್ಲಿ ಒಂದು ನಿಜವಾದ ಆಟಿಕೆಯ ಮೇಲೆ ನಿಲ್ಲಿಸಿ, ಮರಿ ಅದನ್ನು ಹಿಡಿದು ಕಚ್ಚಲಿ.

ಆಟದ ಕೊನೆಯಲ್ಲಿ ವೇಗ ಇಳಿಸುತ್ತಾ ಬಂದು, ಬೇಟೆ ಸುಸ್ತಾಗಿ ಬಿದ್ದ ಹಾಗೆ ಮಾಡಿ, ಕೂಡಲೇ ಊಟ ಕೊಡುತ್ತಿದ್ದೆ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ದಿನ ಈ ಕ್ರಮದಲ್ಲೇ ಸುತ್ತುತ್ತದೆ. ಒಂದೊಂದು ಆಟ ಹತ್ತು ನಿಮಿಷ ಇದ್ದರೆ ಸಾಕು, ಆದರೆ ದಿನಕ್ಕೆ ಮೂರು ನಾಲ್ಕು ಸಲ ಬೇಕು. ಬೆಕ್ಕು ಬೆಳಗಿನ ಮಬ್ಬಿನಲ್ಲೂ ಸಂಜೆಯ ಮಬ್ಬಿನಲ್ಲೂ ಹೆಚ್ಚು ಚುರುಕು, ಕಚ್ಚಾಟವೂ ಆ ಹೊತ್ತಿಗೇ ಜಾಸ್ತಿ. ಅದಕ್ಕಿಂತ ಸ್ವಲ್ಪ ಮೊದಲೇ ಆಟ ಶುರು ಮಾಡಿದೆವು. ಹೊಂಚು ಹಾಕುವ ಜಾಗ ಗೊತ್ತಿದ್ದರಿಂದ ಪರದೆಯ ಹತ್ತಿರ ಬರುವ ಮೊದಲೇ ಒಂದು ಚಿಕ್ಕ ಚೆಂಡನ್ನು ಮುಂದೆ ಎಸೆಯುತ್ತಿದ್ದೆ. ಹಿಮ್ಮಡಿ ಬಿಟ್ಟು ಚೆಂಡಿನ ಹಿಂದೆ ಓಡುತ್ತಿತ್ತು.

ತಬ್ಬಿಕೊಂಡು ಹಿಂಗಾಲಿನಲ್ಲಿ ಒದೆಯುವುದಕ್ಕೆ ಅಂತ ಉದ್ದನೆಯ ಮೆತ್ತನೆ ಗೊಂಬೆಯೊಂದನ್ನು ಇಟ್ಟಿದ್ದೆ. ಮರಿಯಷ್ಟೇ ಉದ್ದ ಇದ್ದರೆ ಒಳ್ಳೆಯದು. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ದಾರದ ಆಟಿಕೆಯನ್ನು ಆಟ ಮುಗಿದ ಮೇಲೆ ಬೀರುವಿಗೆ ಹಾಕಿ ಬಾಗಿಲು ಮುಚ್ಚಿ. ದಾರ, ರಬ್ಬರ್ ಬ್ಯಾಂಡ್, ಉಣ್ಣೆ ನುಂಗಿದರೆ ಕರುಳು ನೆರಿಗೆಯ ಹಾಗೆ ಸೇರಿಕೊಂಡು ಜೀವಕ್ಕೇ ಅಪಾಯ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ, ನೇರ ಪಶುವೈದ್ಯರ ಹತ್ತಿರ ಹೋಗಿ.

ಕೆಲವು ಸಲ ಎಷ್ಟು ಆಡಿಸಿದರೂ ಕಚ್ಚುವುದು ಏರುತ್ತಲೇ ಹೋಗುತ್ತಿತ್ತು. ಅದು ನಿದ್ದೆಗೆಟ್ಟ ಮರಿಯ ಕಾಟ ಅಂತ ನೋಡ್ತಾ ನೋಡ್ತಾ ಗೊತ್ತಾಯಿತು. ಚಿಕ್ಕ ಮರಿಗಳು ದಿನದ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತವೆ, 18 ಗಂಟೆಯವರೆಗೂ ಮಲಗುವುದುಂಟು. ಮನೆ ತುಂಬ ಜನ ಇದ್ದು ಎಲ್ಲರೂ ಎತ್ತಿ ಆಡಿಸಿದರೆ ಅದಕ್ಕೆ ಮಲಗಲು ಬಿಡುವೇ ಸಿಗುವುದಿಲ್ಲ. ಮಬ್ಬು ಬೆಳಕಿನ ಒಂದು ಕೋಣೆ, ಹಾಸಿಗೆ, ನೀರು, ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಇಟ್ಟು ಅಲ್ಲಿ ಬಿಟ್ಟು ಬರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗಾಢ ನಿದ್ದೆ. ಅದು ಶಿಕ್ಷೆಯಾಗಬಾರದು, ಹಾಗಾಗಿ ಬೈದು ಕರೆದುಕೊಂಡು ಹೋಗುತ್ತಿರಲಿಲ್ಲ.

ಮುದ್ದು ಮಾಡುವಾಗ ಕಚ್ಚುವುದು ಬೇರೆಯದೇ ವಿಷಯ. ಅಲ್ಲಿ ಮರಿ ಮೊದಲು ಹೇಳುತ್ತದೆ, ನಾವು ಕೇಳುವುದಿಲ್ಲ. ಬಾಲದ ತುದಿ ಪಟಪಟ ಬಡಿಯುತ್ತದೆ. ಬೆನ್ನಿನ ಚರ್ಮ ಅದುರುತ್ತದೆ. ಕಿವಿ ಪಕ್ಕಕ್ಕೆ ತಿರುಗುತ್ತದೆ, ಗುರುಗುರು ನಿಂತು ತಲೆ ಕೈ ಕಡೆಗೆ ಹೊರಳುತ್ತದೆ. ಇವುಗಳಲ್ಲಿ ಒಂದು ಕಂಡರೂ ನಾನು ಕೈ ನಿಲ್ಲಿಸುತ್ತಿದ್ದೆ. ಕೆನ್ನೆ, ಗಲ್ಲದ ಕೆಳಗೆ, ಕಿವಿಯ ಬುಡ, ಈ ಜಾಗಗಳಲ್ಲಿ ಸವರಿದರೆ ಬಹಳಷ್ಟು ಬೆಕ್ಕುಗಳಿಗೆ ಹಿತ. ಹೊಟ್ಟೆ ತೋರಿಸಿ ಉರುಳಿದರೆ ಅದು ನಂಬಿಕೆಯ ಗುರುತು, ಮುಟ್ಟಿ ಅನ್ನುವ ಆಹ್ವಾನ ಅಲ್ಲ.

ಎಲ್ಲ ಸರಿಯಾಗುತ್ತಿದೆ ಅನ್ನುವಷ್ಟರಲ್ಲಿ ಮತ್ತೆ ಕಚ್ಚುವುದು ಏರಿತು. ಆಗ ಮಿಂಚುಗೆ ನಾಲ್ಕು ತಿಂಗಳ ಹತ್ತಿರ. ಮರಿಗೆ 26 ಹಾಲುಹಲ್ಲು ಇರುತ್ತವೆ. ಮೂರೂವರೆ ನಾಲ್ಕು ತಿಂಗಳಿಗೆ ಅವು ಬೀಳತೊಡಗಿ, ಆರೇಳು ತಿಂಗಳಿನ ಹೊತ್ತಿಗೆ 30 ಹೊಸ ಹಲ್ಲು ಬಂದಿರುತ್ತವೆ. ವಸಡು ಕೆರೆಯುತ್ತದೆ, ಏನಾದರೂ ಅಗಿಯಬೇಕು ಅನ್ನಿಸುತ್ತದೆ. ಒದ್ದೆ ಮಾಡಿ ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ ದಪ್ಪ ಬಟ್ಟೆಯ ತುಂಡನ್ನು ನನ್ನ ಎದುರೇ ಕಚ್ಚಲು ಕೊಡುತ್ತಿದ್ದೆ. ನೂಲು ಬಿಚ್ಚುವ ಬಟ್ಟೆ ಬೇಡ. ಅದೇ ಸಮಯದಲ್ಲಿ ಚಾರ್ಜರ್ ವೈರುಗಳಿಗೂ ಬಾಯಿ ಹಾಕತೊಡಗಿತು. ವೈರುಗಳನ್ನೆಲ್ಲ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ಬೇಡದ ಪ್ಲಗ್ಗುಗಳನ್ನು ಕಿತ್ತಿಟ್ಟೆವು. ಇಲ್ಲಿ ಕಲಿಸುವ ಪ್ರಶ್ನೆಯೇ ಇಲ್ಲ, ಅಪಾಯವನ್ನು ದೂರ ಇಡುವುದೊಂದೇ ದಾರಿ. ಹಳೆಯ ಅಭ್ಯಾಸ ಮರಳಿತು ಅಂತ ಬೇಸರ ಮಾಡಿಕೊಳ್ಳದೆ ಮೊದಲಿನ ಹಾಗೇ ಎದ್ದು ಹೋಗುವುದನ್ನು ಮುಂದುವರಿಸಿದೆವು.

ಕಚ್ಚುವುದಲ್ಲದೆ ಬೇರೆ ಕಾಟಗಳೂ ಇದ್ದವು. ಸೋಫಾ ಪರಚುವುದಕ್ಕೆ ಬೈಯುವುದು ದಂಡ. ಉಗುರಿನ ಹಳೆಯ ಪೊರೆ ಕಳಚಲು, ಮೈ ಚಾಚಲು, ತನ್ನ ವಾಸನೆ ಬಿಡಲು ಬೆಕ್ಕು ಪರಚಲೇಬೇಕು. ಕತ್ತಾಳೆ ನಾರಿನ ಹಗ್ಗ ಸುತ್ತಿದ ಗಟ್ಟಿ ಕಂಬವೊಂದನ್ನು ಸೋಫಾದ ಪಕ್ಕಕ್ಕೇ ಇಟ್ಟೆವು. ಕಂಬ ಅಲ್ಲಾಡಬಾರದು, ಬೆಕ್ಕು ಪೂರ್ತಿ ಮೈ ಚಾಚಿದರೂ ಸಾಲುವಷ್ಟು ಎತ್ತರ ಇರಬೇಕು. ಸೋಫಾದ ಮೂಲೆಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿದೆವು. ಕಂಬ ಪರಚಿದಾಗಲೆಲ್ಲ ಒಂದು ಚಿಕ್ಕ ತಿಂಡಿ. ಉಗುರಿನ ಚೂಪು ತುದಿಯನ್ನಷ್ಟೇ, ಒಳಗಿನ ಗುಲಾಬಿ ಭಾಗಕ್ಕೆ ತಾಗದಂತೆ ಕತ್ತರಿಸುತ್ತೇನೆ. ಉಗುರನ್ನು ಬುಡದಿಂದ ತೆಗೆಸುವ ಶಸ್ತ್ರಚಿಕಿತ್ಸೆ ಮಾತ್ರ ಬೇಡವೇ ಬೇಡ. ಅದರಲ್ಲಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ.

ಅಡುಗೆಕಟ್ಟೆ ಹತ್ತುವುದನ್ನು ಬಿಡಿಸಲು ಕಿಟಕಿ ಪಕ್ಕ ಅದರದ್ದೇ ಒಂದು ಎತ್ತರದ ಜಾಗ ಮಾಡಿಕೊಟ್ಟು, ಕಟ್ಟೆಯ ಮೇಲೆ ತಿನ್ನುವ ಪದಾರ್ಥ ಬಿಡುವುದನ್ನು ನಿಲ್ಲಿಸಿದೆವು. ರಾತ್ರಿ ಕೂಗಿ ಎಬ್ಬಿಸುವುದು ಮಾತ್ರ ನಮ್ಮ ತಾಳ್ಮೆಯನ್ನು ಚೆನ್ನಾಗಿ ಪರೀಕ್ಷಿಸಿತು. ಮಲಗುವ ಮುಂಚೆ ಆಟ, ಊಟ ಮುಗಿಸಿ, ಟ್ರೇ, ನೀರು ಸರಿಯಿದೆ, ಮರಿ ಆರೋಗ್ಯವಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಕೂಗಿಗೆ ಏಳಲಿಲ್ಲ. ಏಳದಿದ್ದರೆ ಕೂಗು ಮೊದಲು ಇನ್ನೂ ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ. ಜೋರಾದ ರಾತ್ರಿ ಎದ್ದುಬಿಟ್ಟರೆ ಜೋರಾಗಿ ಕೂಗಿದರೆ ಏಳುತ್ತಾರೆ ಅಂತ ಕಲಿಸಿದ ಹಾಗೆ.

ಹೊಡೆಯುವುದು, ಮೂಗಿಗೆ ತಟ್ಟುವುದು, ನೀರು ಚಿಮುಕಿಸುವುದು, ತಾಯಿ ಹಿಡಿಯುವ ಹಾಗೆ ಕುತ್ತಿಗೆ ಚರ್ಮ ಹಿಡಿದು ಎತ್ತುವುದು, ಇದ್ಯಾವುದನ್ನೂ ನಾನು ನಮ್ಮ ಮನೆಯಲ್ಲಿ ಬಿಡಲಿಲ್ಲ. ಮರಿ ಇದರಿಂದ ಕಲಿಯುವುದು ಕೈ ಅಂದರೆ ಹೆದರಿಕೆ ಅನ್ನುವುದೊಂದೇ. ಹೆದರಿದ ಬೆಕ್ಕು ನಿಜವಾಗಿ ಕಚ್ಚುತ್ತದೆ, ಆಟಕ್ಕಲ್ಲ.

ಚರ್ಮ ತೂತಾಗುವಂತೆ ಕಚ್ಚಿದರೆ ಚಿಕ್ಕ ಗಾಯ ಅಂತ ಬಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ರೇಬಿಸ್ ಲಸಿಕೆ ಬೇಕೇ ಅನ್ನುವುದನ್ನು ಅವರೇ ಹೇಳಲಿ. ಬೆಕ್ಕಿನ ಹಲ್ಲು ಸಣ್ಣ ತೂತು ಮಾಡಿ ಆಳಕ್ಕೆ ಇಳಿಯುವುದರಿಂದ ಒಳಗೆ ಕೀವಾಗುವುದು ಹೆಚ್ಚು. ಮೆತ್ತಗಿದ್ದ ಮರಿ ಒಂದು ದಿನ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ, ಒಂದೇ ಜಾಗ ಮುಟ್ಟಿದಾಗ ಕಚ್ಚಿದರೆ, ಎಲ್ಲೋ ನೋವಿದೆ ಅಂತಲೇ ತಿಳಿದು ಪಶುವೈದ್ಯರಿಗೆ ತೋರಿಸಿ.

ಮಿಂಚುಗೆ ಈಗ ವರ್ಷ ದಾಟಿದೆ. ಆಟದ ಜೋಶಿನಲ್ಲಿ ಅಪರೂಪಕ್ಕೆ ಬಾಯಿ ಕೈಗೆ ಬಂದರೂ ಹಲ್ಲು ತಾಗಿಸಿ ಬಿಟ್ಟುಬಿಡುತ್ತದೆ, ಒತ್ತುವುದಿಲ್ಲ. ಮರಿ ತರಬೇಕು ಅಂದುಕೊಂಡವರು ಕೇಳಿದರೆ, ಮನೆಯಲ್ಲಿ ಜಾಗ ಮತ್ತು ಅನುಕೂಲ ಇದ್ದರೆ ಒಡಹುಟ್ಟಿದ ಎರಡನ್ನು ಒಟ್ಟಿಗೆ ತನ್ನಿ ಅನ್ನುತ್ತೇನೆ. ಕುಸ್ತಿಗೆ ಇನ್ನೊಂದು ಮರಿ ಇದ್ದರೆ ನಿಮ್ಮ ಕೈಗೆ ಬರುವ ಪಾಲು ಎಷ್ಟೋ ಕಡಿಮೆಯಾಗುತ್ತದೆ.